ಬೆಳ್ಳಿ ಕಟ್ಟಿನ ಚಾಕು, ಒಂದು ಪೆನ್ನಿಯ ಕೂಲಿ: ಚಾಸರನನ್ನು ಅವನ ಕಾಲದ ಪಕ್ಕದಲ್ಲಿಟ್ಟು ಪಾಠ ಮಾಡುವ ಬಗೆ

ಪದವಿ ತರಗತಿಗಳಲ್ಲಿ ಮಧ್ಯಯುಗದ ಇಂಗ್ಲಿಷ್ ಸಾಹಿತ್ಯ ಶುರುವಾಗುವುದು ಸಾಮಾನ್ಯವಾಗಿ ಒಂದೇ ತೆರ. ಮೊದಲ ಮೂರು ಗಂಟೆ ‘ಹಿನ್ನೆಲೆ’: ಊಳಿಗಮಾನ್ಯ ಪದ್ಧತಿ, ಚರ್ಚು, ಪ್ಲೇಗು, ರೈತರ ದಂಗೆ. ಆಮೇಲೆ ಪಠ್ಯ. ನಾನು ಈ ಕ್ರಮವನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬೇರೆಯಾಗಿ ಹೇಳಿದ ಹಿನ್ನೆಲೆ ನೋಟ್ಸಿನಲ್ಲೂ ಬೇರೆಯಾಗಿಯೇ ಉಳಿಯುತ್ತದೆ. ಉತ್ತರ ಪತ್ರಿಕೆಯಲ್ಲಿ ಒಂದು ಪುಟ ಸಮಾಜ, ಇನ್ನೊಂದು ಪುಟ ಕಾವ್ಯ. ಎರಡನ್ನೂ ಹೊಲಿಯುವ ದಾರ ಕಾಣುವುದಿಲ್ಲ. ಈಗ ನಾನು ಮೊದಲ ದಿನವೇ ಪಠ್ಯ ಕೈಗೆ ಕೊಡುತ್ತೇನೆ: ಹದಿನಾಲ್ಕನೇ ಶತಮಾನದ ಕವಿ ಚಾಸರನ ಕ್ಯಾಂಟರ್ಬರಿ ಟೇಲ್ಸ್, ಕ್ಯಾಂಟರ್ಬರಿಗೆ ಯಾತ್ರೆ ಹೊರಟವರು ದಾರಿಯಲ್ಲಿ ಕಥೆ ಹೇಳುವ ಕಾವ್ಯ. ಓದುತ್ತಾ ಹೋಗುವಾಗ ಸಾಲಿನಲ್ಲಿ ಒಂದು ಸಾಮಾನು, ಒಂದು ಸಂಬಳ, ಒಂದು ಊರಿನ ಹೆಸರು ಸಿಕ್ಕಿತೆಂದರೆ ಅಲ್ಲಿ ನಿಲ್ಲಬೇಕು. ಆ ಕಾಲದ ಕಾಯಿದೆಯನ್ನೋ ಲೆಕ್ಕವನ್ನೋ ಅದರ ಪಕ್ಕಕ್ಕೆ ತಂದಿಡಬೇಕು. ಸಮಾಜ ಸಾಹಿತ್ಯವನ್ನು ಹೇಗೆ ರೂಪಿಸಿತು ಎಂಬುದು ಆಗ ಬಾಯಿಪಾಠದ ಮಾತಾಗದೆ ಕಣ್ಣೆದುರು ಕಾಣುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಕ್ಯಾಂಟರ್ಬರಿ ಟೇಲ್ಸ್‌ನ ಜನರಲ್ ಪ್ರೊಲಾಗ್, ಎಂದರೆ ಯಾತ್ರಿಕರನ್ನು ಒಬ್ಬೊಬ್ಬರಾಗಿ ಪರಿಚಯಿಸುವ ಪೀಠಿಕೆ, ಒಟ್ಟು 858 ಸಾಲು. ಒಂದು ಬದಿಗೆ ಮೂಲ, ಎದುರಿಗೆ ಇಂದಿನ ಇಂಗ್ಲಿಷ್ ಇರುವ ಪ್ರತಿ. 1351ರ ಕೂಲಿಕಾರರ ಕಾಯಿದೆಯಲ್ಲಿ ದರ ನಿಗದಿ ಮಾಡಿದ ಭಾಗ, ಅರ್ಧ ಪುಟ. 1363ರ ಉಡುಗೆ ತೊಡುಗೆಯ ಕಾಯಿದೆಯಲ್ಲಿ ಕುಶಲಕರ್ಮಿಗಳ ಕಲಮು, ಐದಾರು ಸಾಲು. ಚಾಸರನ ಸಮಕಾಲೀನ ಕವಿ ಲ್ಯಾಂಗ್‌ಲ್ಯಾಂಡನ ಪಿಯರ್ಸ್ ಪ್ಲೌಮನ್ (ಉಳುವವ ಪಿಯರ್ಸ್) ಕಾವ್ಯದ ಬಿ ಪಾಠದಿಂದ (ಎ, ಬಿ, ಸಿ ಎಂಬ ಮೂರು ರೂಪಗಳಲ್ಲಿ ಎರಡನೆಯದು) ಆರನೇ ಸರ್ಗದ ಕೊನೆಯ ಭಾಗ. ಯಾರ್ಕ್ ನಗರದ ಕಸುಬಿನ ಸಂಘಗಳು ಆಡುತ್ತಿದ್ದ ಬೈಬಲ್ ನಾಟಕಗಳಲ್ಲಿ ಯೇಸುವನ್ನು ಶಿಲುಬೆಗೇರಿಸುವ ನಾಟಕ. ಇವುಗಳ ಜೊತೆಗೆ ಒಂದು ನಕ್ಷೆ. ಅದರಲ್ಲಿ ಲಂಡನ್, ಸದಕ್ (ಯಾತ್ರಿಕರು ಹೊರಡುವ ಜಾಗ), ಕ್ಯಾಂಟರ್ಬರಿ, ಆರ್ವೆಲ್, ಮಿಡಲ್‌ಬರ್ಗ್, ಮಾಲ್ವರ್ನ್ (ಪಿಯರ್ಸ್ ಪ್ಲೌಮನ್ ಶುರುವಾಗುವ ಬೆಟ್ಟಸಾಲು), ಯಾರ್ಕ್ ಇಷ್ಟು ಗುರುತಿಸಿದ್ದರೆ ಸಾಕು. ಸಮಯ ಹನ್ನೆರಡು ಗಂಟೆ. ಅದರಲ್ಲಿ ಪ್ರೊಲಾಗಿಗೆ ಆರು, ಲ್ಯಾಂಗ್‌ಲ್ಯಾಂಡನಿಗೂ ದಂಗೆಗೂ ಸೇರಿ ಎರಡು, ಭಾಷೆಯ ಪ್ರಶ್ನೆಗೆ ಒಂದು, ಯಾರ್ಕಿಗೆ ಒಂದು, ಬರವಣಿಗೆಗೆ ಎರಡು. ಸೆಮಿಸ್ಟರಿನಲ್ಲಿ ಅಷ್ಟು ಗಂಟೆ ಸಿಗದಿದ್ದರೆ ಪ್ರೊಲಾಗಿನ ಪಾತ್ರಗಳನ್ನು ಕಡಿಮೆ ಮಾಡಿ, ಕಡತಗಳನ್ನು ಕಡಿಮೆ ಮಾಡಬೇಡಿ. ಐದು ಪಾತ್ರಗಳನ್ನು ಆಳವಾಗಿ ಓದಿದವರು ಉಳಿದವನ್ನು ತಾವೇ ಓದಿಕೊಳ್ಳುತ್ತಾರೆ.

ಮೊದಲ ಗಂಟೆಯ ಹತ್ತು ನಿಮಿಷ ದುಡ್ಡಿಗೆ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಗ್ರೋಟ್ ಎಂದರೆ 4 ಪೆನ್ನಿಯ ಬೆಳ್ಳಿ ನಾಣ್ಯ. ಮಾರ್ಕ್ ಎಂದರೆ 160 ಪೆನ್ನಿ. ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದದ್ದು, ನಾಣ್ಯವಾಗಿ ಇರಲಿಲ್ಲ. ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ‘ಇವತ್ತಿನ ರೂಪಾಯಿಯಲ್ಲಿ ಎಷ್ಟಾಗುತ್ತದೆ?’ ಆ ಲೆಕ್ಕಕ್ಕೆ ಕೈ ಹಾಕಬೇಡಿ. ರೂಪಾಯಿಗೆ ತಿರುಗಿಸಿದರೆ ಬರುವ ಅಂಕಿಗೆ ಅರ್ಥವಿಲ್ಲ. ದಿನಗೂಲಿಗೆ ತಿರುಗಿಸಿದರೆ ಅರ್ಥವಿದೆ. 1351ರ ಕಾಯಿದೆ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟದಲ್ಲಿ ಕಟ್ಟಿಹಾಕಿತು: ಕಳೆ ಕೀಳುವುದಕ್ಕೂ ಹುಲ್ಲು ಒಣಗಿಸುವುದಕ್ಕೂ ದಿನಕ್ಕೆ 1 ಪೆನ್ನಿ, ಹುಲ್ಲು ಕೊಯ್ಯುವವನಿಗೆ ಎಕರೆಗಾಗಲಿ ದಿನಕ್ಕಾಗಲಿ 5, ತೆನೆ ಕೊಯ್ಯುವವನಿಗೆ ಆಗಸ್ಟಿನ ಮೊದಲ ವಾರ 2, ಎರಡನೇ ವಾರ 3, ಮೇಸ್ತ್ರಿ ಬಡಗಿಗೆ 3, ಉಳಿದ ಬಡಗಿಗಳಿಗೆ 2. ಈ ಪಟ್ಟಿಯನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದು ಹನ್ನೆರಡು ಗಂಟೆಯೂ ಅಳಿಸದೆ ಉಳಿಸಿಕೊಳ್ಳಿ. ಮುಂದೆ 1380ರ ತಲೆಗಂದಾಯ ಬಂದಾಗ, ಹದಿನೈದು ದಾಟಿದ ಪ್ರತಿಯೊಬ್ಬರಿಗೂ ಸರಾಸರಿ 12 ಪೆನ್ನಿ ಎಂಬುದು, ಕಾಯಿದೆಯ ದರದಲ್ಲಿ ಹನ್ನೆರಡು ದಿನ ಹುಲ್ಲು ಒಣಗಿಸಿದ ಕೂಲಿ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕುತ್ತಾರೆ. ಗಂಡ ಹೆಂಡತಿಗೆ ಸೇರಿ ಇಪ್ಪತ್ತನಾಲ್ಕು ದಿನ. ಒಂದು ಎಚ್ಚರಿಕೆಯನ್ನು ಆಗಲೇ ಕೊಟ್ಟುಬಿಡಬೇಕು: ಇದು ಕಾಯಿದೆ ಬರೆದಿಟ್ಟ ದರ, ಕೈಗೆ ಬರುತ್ತಿದ್ದ ಕೂಲಿ ಅಲ್ಲ. ಜನ ಹೆಚ್ಚು ಕೇಳಿದರು, ಒಡೆಯರು ಹೆಚ್ಚು ಕೊಟ್ಟರು. ಅದಕ್ಕೇ ಕಾಯಿದೆ ಬೇಕಾಯಿತು.

ಉಳಿದ ಸಮಯ ಮೊದಲ ಹದಿನೆಂಟು ಸಾಲುಗಳನ್ನು ಗಟ್ಟಿಯಾಗಿ ಓದುವುದಕ್ಕೆ. ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳದೆ ಬಿಡುವುದು ನಷ್ಟ. ಚಾಸರನ ಇಂಗ್ಲಿಷಿನಲ್ಲಿ ಪದದ ಕೊನೆಯ ‘ಎ’ ಪದ್ಯದ ಸಾಲಿನಲ್ಲಿ ಬಹಳಷ್ಟು ಕಡೆ ಉಚ್ಚಾರವಾಗುತ್ತದೆ. ನಮ್ಮದು ಸ್ವರಾಂತ ಭಾಷೆ. ಕಾರು, ಬಸ್ಸು ಎಂದು ಪರಭಾಷೆಯ ಪದಕ್ಕೂ ಸ್ವರ ಅಂಟಿಸುವವರು ನಾವು. ‘ನೇಮ್’ ಅಲ್ಲ ‘ನಾಮೆ’, ‘ಟೈಮ್’ ಅಲ್ಲ ‘ಟೀಮೆ’ ಎಂದರೆ ನಮ್ಮ ನಾಲಿಗೆ ತಡವರಿಸುವುದಿಲ್ಲ. ಹ್ರಸ್ವ ದೀರ್ಘವೂ ಲಿಪಿಯಲ್ಲೇ ಇದೆ. ಹಾಗಾಗಿ ನಾನು ಮೊದಲ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ: ‘ಹ್ವಾನ್ ಥಾಟ್ ಆಪ್ರಿಲ್ ವಿಥ್ ಹಿಸ್ ಶೂರೆಸ್ ಸೋಟೆ, ಥೆ ದ್ರೂಖ್ಟ್ ಆಫ್ ಮಾರ್ಚ್ ಹಾಥ್ ಪೆರ್ಸೆಡ್ ಟೋ ಥೆ ರೋಟೆ.’ ಸೋಟೆ, ರೋಟೆ ಪ್ರಾಸ ಕಿವಿಗೆ ಬಿದ್ದ ಕೂಡಲೇ ಇದು ಓದಿ ಹೇಳುವುದಕ್ಕೆ, ಕೂತು ಕೇಳುವುದಕ್ಕೆ ಬರೆದ ಕಾವ್ಯ ಎಂಬುದು ಬಿಡಿಸಿ ಹೇಳದೆಯೇ ತಿಳಿಯುತ್ತದೆ. ಅಚ್ಚಿನ ಯಂತ್ರ ಇಂಗ್ಲೆಂಡಿಗೆ ಬಂದದ್ದು ಚಾಸರ್ ತೀರಿಕೊಂಡು ಮುಕ್ಕಾಲು ಶತಮಾನವಾದ ಮೇಲೆ, 1476ರಲ್ಲಿ. ಅಲ್ಲಿಯವರೆಗೆ ಈ ಕೃತಿ ಚರ್ಮದ ಹಾಳೆಯ ಮೇಲೂ ಕಾಗದದ ಮೇಲೂ ಕೈಯಲ್ಲಿ ನಕಲಾಗುತ್ತಿತ್ತು. 80ಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ.

ಪಾತ್ರಗಳಿಗೆ ಬಂದಾಗ ಪ್ರತಿಯೊಬ್ಬರ ನೋಟ್ ಪುಸ್ತಕದಲ್ಲೂ ನಾಲ್ಕು ಅಂಕಣ. ಒಂದರಲ್ಲಿ ಸಾಲಿನ ಸಂಖ್ಯೆ, ಎರಡನೆಯದರಲ್ಲಿ ಅಲ್ಲಿರುವ ವಸ್ತು, ಮೂರನೆಯದರಲ್ಲಿ ‘ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು’, ನಾಲ್ಕನೆಯದರಲ್ಲಿ ‘ಕವಿ ಹೇಳದೆ ಬಿಟ್ಟದ್ದೇನು’. ಮೂರನೇ ಅಂಕಣವೇ ಈ ಇಡೀ ಕ್ರಮದ ಜೀವ. ಒಳ್ಳೆಯವನು, ಕೆಟ್ಟವನು, ಕಪಟಿ ಎಂಬ ಪದಗಳಿಗೆ ಈ ಅಂಕಣಗಳಲ್ಲಿ ಜಾಗವೇ ಇಲ್ಲ. ಗೈಡುಗಳು ಆ ಪದಗಳಿಂದಲೇ ತುಂಬಿರುವುದರಿಂದ ಮೊದಲ ವಾರ ಕೈಗಳು ಅತ್ತಲೇ ಎಳೆಯುತ್ತವೆ.

ನಾನು ಶುರು ಮಾಡುವುದು ಪ್ರೊಲಾಗಿನಲ್ಲಿ ಮೊದಲು ಬರುವ ಯೋಧ ನೈಟ್‌ನಿಂದ ಅಲ್ಲ, ಐವರು ಸಂಘದವರಿಂದ. 361ರಿಂದ 378ರವರೆಗೆ, ಹದಿನೆಂಟೇ ಸಾಲು. ಬಟ್ಟೆಬರೆ ಅಲಂಕಾರದ ಸಣ್ಣ ಸಾಮಾನು ಮಾರುವವ, ಬಡಗಿ, ನೇಕಾರ, ಬಣ್ಣ ಹಾಕುವವ, ಚಿತ್ರಗಂಬಳಿ ನೇಯುವವ. ಐವರದೂ ಒಂದೇ ಸಮವಸ್ತ್ರ. ಮೊದಲ ಪ್ರಶ್ನೆ: ಐದು ಬೇರೆ ಬೇರೆ ಕಸುಬಿನವರಿಗೆ ಒಂದೇ ಸಮವಸ್ತ್ರ ಹೇಗೆ ಬಂತು? ಒಂದೇ ಕಸುಬಿನ ಸಂಘವಾಗಿದ್ದರೆ ಬಡಗಿಯ ಜೊತೆ ನೇಕಾರ ಇರುತ್ತಿರಲಿಲ್ಲ. ಇದು ಧಾರ್ಮಿಕ ಬಂಧುಸಂಘ: ಸತ್ತವರ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸುವ, ಮೇಣದಬತ್ತಿಗೆ ಹಣ ಕೂಡಿಸುವ, ವರ್ಷಕ್ಕೊಮ್ಮೆ ಒಟ್ಟಿಗೆ ಉಣ್ಣುವ ಕೂಟ. 1388ರ ಪಾರ್ಲಿಮೆಂಟು ಇಂಥ ಸಂಘಗಳೆಲ್ಲ ತಮ್ಮ ನಿಯಮ, ಆಸ್ತಿಗಳ ವಿವರ ಒಪ್ಪಿಸಬೇಕೆಂದು ಆಜ್ಞೆ ಮಾಡಿತು ಎಂದರೆ ಅವುಗಳ ಬಲ ಎಷ್ಟಿತ್ತು ಎಂದು ಊಹಿಸಬಹುದು.

ಆಮೇಲೆ ಅವರ ಚಾಕುಗಳು. ಅವುಗಳಿಗೆ ಹಿತ್ತಾಳೆಯ ಕಟ್ಟಲ್ಲ, ಪೂರ್ತಿ ಬೆಳ್ಳಿಯದು ಎನ್ನುತ್ತಾನೆ ಚಾಸರ್. ಈಗ 1363ರ ಕಾಯಿದೆ ತೆಗೆಯಿರಿ. ಕುಶಲಕರ್ಮಿಗಳು ಒಂದು ಇಡೀ ಥಾನಿಗೆ 40 ಶಿಲಿಂಗಿಗಿಂತ ಹೆಚ್ಚಿನ ಬೆಲೆಯ ಬಟ್ಟೆ ಉಡುವಂತಿಲ್ಲ. ಚಿನ್ನ ಬೆಳ್ಳಿಯ ಸೊಂಟಪಟ್ಟಿ, ಚಾಕು, ಉಂಗುರ ತೊಡುವಂತಿಲ್ಲ. ಇಲ್ಲಿ ತಪ್ಪೊಂದು ತಪ್ಪದೆ ಆಗುತ್ತದೆ. ‘ಐವರೂ ಕಾನೂನು ಮುರಿದರು, ಚಾಸರ್ ಅದನ್ನು ಬಯಲಿಗೆಳೆದ’ ಎಂದು ಬರೆಯುತ್ತಾರೆ. ಆ ಕಾಯಿದೆ ಮುಂದಿನ ಪಾರ್ಲಿಮೆಂಟಿನಲ್ಲೇ ರದ್ದಾಯಿತು. ಚಾಸರ್ ಪ್ರೊಲಾಗ್ ಬರೆದದ್ದು 1387ರ ಆಸುಪಾಸಿನಲ್ಲಿ. ಬೆಳ್ಳಿ ಚಾಕು ಆಗ ಅಪರಾಧವಲ್ಲ. ಆದರೆ ಅಂಥ ಕಾಯಿದೆ ತರಬೇಕು ಎಂದು ಮೇಲಿನವರಿಗೆ ಅನ್ನಿಸಿದ್ದ ಸಮಾಜದಲ್ಲಿ ಚಾಕುವಿನ ಕಟ್ಟು ಹಿತ್ತಾಳೆಯದೋ ಬೆಳ್ಳಿಯದೋ ಎಂದು ನೋಡುವ ಕಣ್ಣು ಎಲ್ಲರಿಗೂ ಇತ್ತು. ಚಾಸರನ ಕಣ್ಣು ಅದೇ. ಕಾಯಿದೆಯಿಂದ ನಮಗೆ ಸಿಗುವುದು ಅಪರಾಧದ ಪುರಾವೆ ಅಲ್ಲ, ನೋಟದ ಅಭ್ಯಾಸ. ಇಷ್ಟು ಸೂಕ್ಷ್ಮ ತರಗತಿಗೆ ದಕ್ಕಿದರೆ ಮುಂದಿನ ದಾರಿ ಸುಲಭ. ಅದೇ ಹದಿನೆಂಟು ಸಾಲಿನ ಕೊನೆಯಲ್ಲಿ ಅವರ ಹೆಂಡತಿಯರು ಬರುತ್ತಾರೆ: ‘ಮದಾಮ್’ ಎನಿಸಿಕೊಳ್ಳುವ, ಹಬ್ಬದ ಹಿಂದಿನ ರಾತ್ರಿಯ ಪೂಜೆಗೆ ಎಲ್ಲರಿಗಿಂತ ಮುಂದೆ ನಡೆಯುವ ಆಸೆ. ಕರೆಯುವ ಪದ ಬದಲಾಗುವುದರಲ್ಲೇ ಅಂತಸ್ತು ಏರುತ್ತದೆ ಎಂಬುದು ನಮ್ಮ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ನಾಲ್ಕನೇ ಅಂಕಣದಲ್ಲಿ ಬರೆಯಬೇಕಾದ್ದು: ಐವರಲ್ಲಿ ಒಬ್ಬನಿಗೂ ಕಥೆ ಹೇಳುವ ಅವಕಾಶ ಸಿಗುವುದಿಲ್ಲ.

ವರ್ತಕನಿಗೆ ಹದಿನೈದು ಸಾಲು. ಅವುಗಳಲ್ಲಿ ನಕ್ಷೆ ಬೇಕಾಗುವುದು ಒಂದಕ್ಕೆ: ಮಿಡಲ್‌ಬರ್ಗಿಗೂ (ಇಂದಿನ ನೆದರ್ಲೆಂಡ್ಸ್‌ನಲ್ಲಿದೆ) ಆರ್ವೆಲ್ಲಿಗೂ (ಇಂಗ್ಲೆಂಡಿನ ಪೂರ್ವ ಕರಾವಳಿ) ನಡುವಿನ ಸಮುದ್ರವನ್ನು ಏನೇ ಆದರೂ ಕಾಯಬೇಕು ಎಂಬುದು ಅವನ ಪಟ್ಟು. ಇಂಗ್ಲೆಂಡಿನ ಉಣ್ಣೆ ಹೊರದೇಶಕ್ಕೆ ಹೋಗುವಾಗ ಒಂದು ನಿಗದಿತ ಊರಿನ ಮೂಲಕವೇ ಹೋಗಬೇಕಿತ್ತು. ಆ ನಿಗದಿತ ಮಾರುಕಟ್ಟೆ ಮಿಡಲ್‌ಬರ್ಗಿನಲ್ಲಿದ್ದದ್ದು 1384ರಿಂದ 1388ರವರೆಗೆ ಮಾತ್ರ. ಕಾವ್ಯದ ಕಾಲವನ್ನು ಅಂದಾಜು ಮಾಡಲು ವಿದ್ವಾಂಸರಿಗೆ ಸಿಕ್ಕ ಸುಳಿವುಗಳಲ್ಲಿ ಇದೂ ಒಂದು. ಚಾಸರ್ ಇದನ್ನು ಪುಸ್ತಕ ಓದಿ ತಿಳಿದವನಲ್ಲ. 1374ರಿಂದ 1386ರವರೆಗೆ ಲಂಡನ್ ಬಂದರಿನಲ್ಲಿ ಉಣ್ಣೆ ಸುಂಕದ ಲೆಕ್ಕ ತಪಾಸಣೆ ಮಾಡುವ ಅಧಿಕಾರಿಯಾಗಿದ್ದ. ದಾಖಲೆಯನ್ನು ಸ್ವಂತ ಕೈಯಿಂದಲೇ ಬರೆಯಬೇಕು ಎಂಬ ಷರತ್ತು ನೇಮಕಾತಿಯಲ್ಲೇ ಇತ್ತು. ಉಣ್ಣೆಯ ಒಂದು ಮೂಟೆಗೆ 364 ಪೌಂಡ್ ತೂಕ. 1275ರಿಂದ ನಡೆದುಬಂದ ಹಳೆಯ ಸುಂಕವೇ ಮೂಟೆಗೆ ಅರ್ಧ ಮಾರ್ಕ್, ಅಂದರೆ 80 ಪೆನ್ನಿ, ಅದರ ಮೇಲೆ ಬೇರೆ ತೆರಿಗೆ. ಈ ಮೂಟೆಗಳನ್ನು ಎಣಿಸಿದ ಮನುಷ್ಯ ವರ್ತಕನ ಬಗ್ಗೆ ‘ಅವನಿಗೆ ಸಾಲವಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ’ ಎಂದು ಬರೆಯುತ್ತಾನೆ. ಸಾಲ ಇರಲಿಲ್ಲವೋ, ಇದ್ದು ಮುಚ್ಚಿಟ್ಟಿದ್ದನೋ? ಸಾಲು ಎರಡಕ್ಕೂ ಒಪ್ಪುತ್ತದೆ. ಉತ್ತರ ಕೊಡದೆ ಬಿಡಿ. ಮೂರನೇ ಅಂಕಣದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ.

ಗಿರಣಿಯವನಿಗೆ ಇಡೀ ಒಂದು ಗಂಟೆ ಕೊಡುತ್ತೇನೆ. 545ರಿಂದ 566, ಇಪ್ಪತ್ತೆರಡು ಸಾಲು. ಗೈಡುಗಳಲ್ಲಿ ಅವನ ಮೂಗಿನ ಮೇಲಿನ ನರುಳು, ಕೆಂಪು ಗಡ್ಡ, ತಲೆಯಿಂದ ಗುದ್ದಿ ಬಾಗಿಲು ಒಡೆಯುವುದು ಇಷ್ಟೇ ಇರುತ್ತವೆ. ನಿಲ್ಲಬೇಕಾದ ಸಾಲು 562: ಧಾನ್ಯ ಕದಿಯುವುದು ಗೊತ್ತು, ಮೂರು ಪಟ್ಟು ಪಾಲು ತೆಗೆಯುವುದೂ ಗೊತ್ತು. ಪಾಲು ಎಂದರೇನು? ಹಳ್ಳಿಯ ಒಕ್ಕಲುಗಳು ಒಡೆಯನ ಗಿರಣಿಯಲ್ಲೇ ಬೀಸಿಸಬೇಕು, ಬೇರೆ ಕಡೆ ಹೋಗುವಂತಿಲ್ಲ. ಬೀಸಿದ್ದಕ್ಕೆ ಕೂಲಿ ದುಡ್ಡಲ್ಲ, ತಂದ ಧಾನ್ಯದ ಒಂದು ಭಾಗ. ಅಳೆದು ತೆಗೆಯುವ ಪಾತ್ರೆ ಗಿರಣಿಯವನ ಕೈಯಲ್ಲಿ, ಅಳತೆ ನೋಡುವವರಿಲ್ಲ. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡರೆ ಒಡೆಯನ ಆದಾಯಕ್ಕೆ ಪೆಟ್ಟು, ಹಾಗಾಗಿ ಅದಕ್ಕೆ ನಿಷೇಧ.

ಈಗ ಪಕ್ಕಕ್ಕೆ ಇಡಬೇಕಾದ ಘಟನೆ ಸೇಂಟ್ ಆಲ್ಬನ್ಸ್‌ನದು. ಅಲ್ಲಿನ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಊರವರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡು ಮಠದ ಪಡಸಾಲೆಯ ನೆಲಕ್ಕೆ ಹಾಸಿಸಿದ. ಅರ್ಧ ಶತಮಾನದ ಮೇಲೆ, 1381ರ ದಂಗೆಯಲ್ಲಿ, ಊರವರು ಒಳನುಗ್ಗಿ ಆ ಕಲ್ಲುಗಳನ್ನು ಎಬ್ಬಿಸಿ, ಒಡೆದು ಚೂರು ಮಾಡಿ, ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿಕೊಂಡರು. ಬೀಸುವ ಕಲ್ಲನ್ನು ಕಂಡ ಮನೆಗಳಿಂದ ಬಂದ ನಮ್ಮ ವಿದ್ಯಾರ್ಥಿಗಳಿಗೆ ಈ ಚಿತ್ರ ನೇರವಾಗಿ ತಟ್ಟುತ್ತದೆ. ಇದನ್ನು ಕೇಳಿದ ಮೇಲೆ 562ನೇ ಸಾಲಿಗೆ ಮರಳಿ ಹೋಗಿ. ‘ಮೂರು ಪಟ್ಟು’ ಎಂಬುದರಲ್ಲಿ ಗಿರಣಿಯವನ ದುರಾಸೆ ಮಾತ್ರ ಕಾಣುತ್ತಿದ್ದದ್ದು, ಈಗ ಅವನ ಹಿಂದೆ ನಿಂತಿರುವ ಒಡೆಯನ ಹಕ್ಕೂ ಕಾಣುತ್ತದೆ. ಚಾಸರ್ ಆ ಒಡೆಯನನ್ನು ಸಾಲಿನೊಳಗೆ ತರುವುದಿಲ್ಲ. ನಾಲ್ಕನೇ ಅಂಕಣ ಇರುವುದೇ ಇದಕ್ಕೆ. ಗಿರಣಿಯವನ ಜೊತೆಗೇ ರೀವ್‌ನನ್ನೂ ಓದಿಸಿ. ರೀವ್ ಎಂದರೆ ಒಡೆಯನ ಜಮೀನಿನ ಪಾರುಪತ್ತೇಗಾರ, ಸಾಮಾನ್ಯವಾಗಿ ಒಕ್ಕಲುಗಳ ಪೈಕಿಯವನೇ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಯಾವ ಲೆಕ್ಕ ತಪಾಸಣೆಯವನೂ ಅವನನ್ನು ಸಿಕ್ಕಿಸಲಾರ ಎನ್ನುತ್ತದೆ ಪಠ್ಯ. ಯಾತ್ರೆಯಲ್ಲಿ ಗಿರಣಿಯವ ಚೀಲದ ವಾದ್ಯ ಊದುತ್ತಾ ಎಲ್ಲರಿಗಿಂತ ಮುಂದೆ, ರೀವ್ ಎಲ್ಲರಿಗಿಂತ ಹಿಂದೆ. ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಕಥೆ ಕಟ್ಟಿ ಹೇಳುವ ಜಗಳಕ್ಕೆ ಬೀಜ ಹಳ್ಳಿಯ ಧಾನ್ಯದ ಲೆಕ್ಕದಲ್ಲಿದೆ. ಕಥೆಗಳ ಅನುಕ್ರಮವನ್ನೇ ಕಸುಬುಗಳ ಹಗೆತನ ನಿರ್ಧರಿಸಿದೆ ಎಂಬುದನ್ನು ಇಲ್ಲಿ ಬೆರಳಿಟ್ಟು ತೋರಿಸಬಹುದು.

ಮಠವಾಸಿಯ ತುಪ್ಪಳದ ತೋಳು, ಪಾಪಕ್ಷಮೆಯ ಪತ್ರ ಮಾರುವವನ ಹಂದಿ ಮೂಳೆ, ಇವಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಎಲ್ಲ ಗೈಡುಗಳೂ ಅವನ್ನೇ ಹೇಳುತ್ತವೆ. ಅದಕ್ಕಿಂತ ಊರಿನ ಬಡ ಪಾದ್ರಿಯ ಮೇಲಿನ 52 ಸಾಲುಗಳು ಮುಖ್ಯ. ತನ್ನ ಊರನ್ನು ಬಾಡಿಗೆಗೆ ಬಿಟ್ಟು, ಕುರಿಗಳನ್ನು ಕೆಸರಿನಲ್ಲಿ ಬಿಟ್ಟು, ಲಂಡನ್ನಿನ ಸೇಂಟ್ ಪಾಲ್ಸ್‌ಗೆ ಓಡಿ ಸತ್ತವರ ಹೆಸರಿನ ಪ್ರಾರ್ಥನೆಯ ಕೆಲಸ ಹುಡುಕಿಕೊಂಡವನಲ್ಲ ಎಂದು ಚಾಸರ್ ಹೊಗಳುತ್ತಾನೆ. ಮಾಡದೇ ಇದ್ದದ್ದನ್ನು ಹೊಗಳಬೇಕಾದರೆ ಉಳಿದವರು ಮಾಡುತ್ತಿದ್ದರು ಎಂದರ್ಥ. ಲ್ಯಾಂಗ್‌ಲ್ಯಾಂಡನ ಪೀಠಿಕೆಯಲ್ಲಿ ಅದೇ ದೂರು ಕಾರಣದ ಸಮೇತ ಇದೆ: ಪ್ಲೇಗು ಬಂದಂದಿನಿಂದ ಊರು ಬಡವಾಯಿತು ಎಂದು ಪಾದ್ರಿಗಳು ಬಿಷಪ್ಪನ ಬಳಿ ಹೋಗಿ ಲಂಡನ್ನಿನಲ್ಲಿ ಇರಲು ಅಪ್ಪಣೆ ಬೇಡುತ್ತಾರೆ. 1348ರ ಬೇಸಿಗೆಯಲ್ಲಿ ಡಾರ್ಸೆಟ್ ಕರಾವಳಿಗೆ ಬಂದಿಳಿದ ಪ್ಲೇಗು ದೇಶದ ಜನರಲ್ಲಿ ಮೂರರಲ್ಲೊಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ತೆಗೆದುಕೊಂಡು ಹೋಯಿತು. ಒಕ್ಕಲು ಕಡಿಮೆಯಾದರೆ ದಶಾಂಶ ಕಾಣಿಕೆ ಕಡಿಮೆ; ಸಾವು ಹೆಚ್ಚಾದರೆ ಪಟ್ಟಣದಲ್ಲಿ ಆತ್ಮಶಾಂತಿಯ ಪ್ರಾರ್ಥನೆಗೆ ಗಿರಾಕಿ ಹೆಚ್ಚು. 1350ರಲ್ಲಿ ಆರ್ಚ್‌ಬಿಷಪ್ ಐಸ್ಲಿಪ್ ಪಾದ್ರಿಗಳ ಸಂಬಳಕ್ಕೂ ಮಿತಿ ಹಾಕಿದ. ಕೂಲಿಯವರಿಗೆ ಆದದ್ದೇ ಅವರಿಗೂ. ಚಾಸರನ ಪ್ರೊಲಾಗಿನಲ್ಲಿ ಪ್ಲೇಗಿನ ಮಾತು ವೈದ್ಯನ ಗಳಿಕೆಯ ಬಗೆಗಿನ ಒಂದು ಸಾಲಿನಲ್ಲಿ ಬರುತ್ತದೆ, ರೀವ್‌ಗೆ ಜನ ‘ಸಾವಿಗೆ’ ಹೆದರಿದಂತೆ ಹೆದರುತ್ತಿದ್ದರು ಎಂಬ ಹೋಲಿಕೆಯನ್ನು ಪ್ಲೇಗು ಎಂದೇ ಓದುವವರೂ ಇದ್ದಾರೆ. ಅಲ್ಲಿಗೆ ಮುಗಿಯಿತು. ಎಲ್ಲ ಪಾತ್ರಗಳಲ್ಲೂ ಪ್ಲೇಗನ್ನು ಹುಡುಕುವ ಚಪಲವನ್ನು ತಡೆಯಿರಿ.

ಉಳುವವನು ಪಾದ್ರಿಯ ತಮ್ಮನೋ ಅಣ್ಣನೋ. ಅವನಿಗೆ ಬರೀ 13 ಸಾಲು. ಗಾಡಿಗಟ್ಟಲೆ ಗೊಬ್ಬರ ಹೊತ್ತವನು, ದಶಾಂಶವನ್ನು ತಪ್ಪದೆ ಕೊಡುವವನು. ಬಡವರಿಗಾಗಿ ಒಕ್ಕಣೆ ಮಾಡುತ್ತಾನೆ, ಕಾಲುವೆ ತೋಡುತ್ತಾನೆ, ಅಗೆಯುತ್ತಾನೆ. ಕೈಲಾದರೆ ‘ವಿಥೌಟೆನ್ ಹೀರೆ’, ಕೂಲಿ ಇಲ್ಲದೆ. ಈ ಎರಡು ಪದದ ಕೆಳಗೆ ಗೆರೆ ಎಳೆಸಿ, ಬೋರ್ಡಿನ ಮೂಲೆಯ ಪಟ್ಟಿಯತ್ತ ಕೈ ತೋರಿಸಿ. ಮೂವತ್ತೈದು ವರ್ಷಗಳಿಂದ ದೇಶದಲ್ಲಿ ಜಗಳ ನಡೆಯುತ್ತಿದ್ದದ್ದೇ ಕೂಲಿಯ ಮೇಲೆ. ಕೂಲಿ ಕೇಳದ ಉಳುವವನು ಆ ಜಗಳದಲ್ಲಿ ಒಂದು ಪಕ್ಷದ ಕನಸು. ಆ ಕೂಡಲೇ ಲ್ಯಾಂಗ್‌ಲ್ಯಾಂಡನ ಆರನೇ ಸರ್ಗ ತೆಗೆಯಿರಿ. ಅಲ್ಲಿ ಕೈಯಲ್ಲದೆ ಬೇರೆ ಜಮೀನಿಲ್ಲದ ಕೂಲಿಕಾರರು ನಿನ್ನೆಯ ಸೊಪ್ಪನ್ನು ಮುಟ್ಟುವುದಿಲ್ಲ. ಪೆನ್ನಿಗೆ ಸಿಗುವ ಬಿಯರು, ಉಪ್ಪು ಹಾಕಿದ ಹಂದಿ ಮಾಂಸ ಒಲ್ಲರು. ತಾಜಾ ಮಾಂಸ, ಕರಿದ ಮೀನು ಬೇಕು, ಅದೂ ‘ಶೋ’, ‘ಪ್ಲು ಶೋ’, ಬಿಸಿ, ಇನ್ನೂ ಬಿಸಿ. ಫ್ರೆಂಚು ಒಡೆಯರ ಭಾಷೆ. ಅದನ್ನು ಕೂಲಿಯವರ ಬಾಯಿಗೆ ಹಾಕಿದ್ದಾನೆ. ಹೆಚ್ಚು ಕೂಲಿ ಸಿಗದಿದ್ದರೆ ಅವರು ಬೈಯುತ್ತಾರೆ, ಕೂಲಿಯವರನ್ನು ಹಿಂಡುವ ಕಾಯಿದೆ ಮಾಡಿದ ರಾಜನನ್ನೂ ಅವನ ಮಂತ್ರಿಮಂಡಲವನ್ನೂ ಶಪಿಸುತ್ತಾರೆ. ಕಾಯಿದೆಯ ಹೆಸರಿಲ್ಲ, ಆದರೆ ಕಾವ್ಯದೊಳಗೇ ಕಾಯಿದೆ ಇದೆ. ಬಡವರ ಬಗ್ಗೆ ಇಡೀ ಕಾವ್ಯದುದ್ದಕ್ಕೂ ಮರುಗುವ ಕವಿ ಇಲ್ಲಿ ಕೂಲಿಯವರ ಮೇಲೆ ಸಿಟ್ಟಾಗಿದ್ದಾನೆ. ಈ ಇಬ್ಬಂದಿಯನ್ನು ಬಿಡಿಸಿ ಸಲೀಸು ಮಾಡಲು ಹೋಗಬೇಡಿ.

ದಂಗೆಗೆ ಒಂದು ಗಂಟೆ ಸಾಕು, ತಾರೀಖುಗಳ ಸಮೇತ. 1381ರ ಜೂನ್ 13ರಂದು ಎಸೆಕ್ಸ್, ಕೆಂಟ್ ಕಡೆಯ ಜನ ಲಂಡನ್ ಹೊಕ್ಕರು; ಸವೋಯ್ ಅರಮನೆ ಸುಟ್ಟಿತು. 14ರಂದು ಆರ್ಚ್‌ಬಿಷಪ್ ಸಡ್ಬರಿಯ ತಲೆ ಹೋಯಿತು. 15ರಂದು ಸ್ಮಿತ್‌ಫೀಲ್ಡಿನಲ್ಲಿ ದಂಗೆಯ ಮುಂದಾಳು ವಾಟ್ ಟೈಲರ್ ಸತ್ತ. ದಂಗೆಯ ನಾಯಕ ಜಾನ್ ಬಾಲ್‌ನದೆಂದು ಇತಿಹಾಸಕಾರರು ಉಳಿಸಿದ ಪತ್ರಗಳಲ್ಲಿ ಪಿಯರ್ಸ್ ಪ್ಲೌಮನ್ ಹೆಸರು ಬರುತ್ತದೆ. ಅಂದರೆ ಸಮಾಜದಿಂದ ಕಾವ್ಯಕ್ಕೆ ಬಂದ ಉಳುವವನು ಕಾವ್ಯದಿಂದ ಮತ್ತೆ ಬೀದಿಗೆ ನಡೆದಿದ್ದಾನೆ. ಬಿ ಪಾಠದಲ್ಲಿ ಪಿಯರ್ಸ್ ಕ್ಷಮಾಪತ್ರವನ್ನು ಹರಿದುಹಾಕುವ ದೃಶ್ಯ ದಂಗೆಯ ನಂತರದ ಸಿ ಪಾಠದಲ್ಲಿಲ್ಲ. ಚಾಸರ್ ಆಗ ವಾಸವಿದ್ದದ್ದು ಊರ ಬಾಗಿಲಾದ ಆಲ್ಡ್‌ಗೇಟಿನ ಮೇಲಿನ ಮನೆಯಲ್ಲಿ. ಎಸೆಕ್ಸ್ ಕಡೆಯವರು ಒಳಬಂದ ಬಾಗಿಲು ಅದು. ಅವನು ಬರೆದದ್ದು ಸನ್ಯಾಸಿನಿಯ ಜೊತೆಗಿನ ಪಾದ್ರಿ (ನನ್ಸ್ ಪ್ರೀಸ್ಟ್) ಹೇಳುವ ಕಥೆಯಲ್ಲಿ ಒಂದು ಹೋಲಿಕೆ ಮಾತ್ರ: ಹುಂಜವನ್ನು ನರಿ ಕಚ್ಚಿಕೊಂಡು ಹೋದಾಗ ಎದ್ದ ಬೊಬ್ಬೆ, ದಂಗೆಯ ಇನ್ನೊಬ್ಬ ಮುಂದಾಳು ಜಾಕ್ ಸ್ಟ್ರಾನ ಗುಂಪು ಫ್ಲೆಮಿಶ್ ಜನರನ್ನು ಕೊಲ್ಲಲು ಹೊರಟಾಗಲೂ ಅಷ್ಟಿರಲಿಲ್ಲ ಎಂದು. ಅಷ್ಟು ದೊಡ್ಡ ಘಟನೆ ಅಷ್ಟು ಚಿಕ್ಕ ಜಾಗದಲ್ಲಿ. ಆಸ್ಥಾನದ ಸಂಬಳ ತಿನ್ನುವ ಕವಿಗೆ ಎಷ್ಟು ಹೇಳಲು ಸಾಧ್ಯವಿತ್ತು ಎಂಬುದೂ ಸಮಾಜ ಸಾಹಿತ್ಯವನ್ನು ರೂಪಿಸಿದ ಬಗೆಯೇ.

ಭಾಷೆಯ ಗಂಟೆಗೆ ಗವರ್ ಒಬ್ಬನೇ ಸಾಕು. ಚಾಸರನ ಸ್ನೇಹಿತ, ಮೂರು ದೊಡ್ಡ ಕೃತಿ ಬರೆದ: ಒಂದು ಫ್ರೆಂಚಿನಲ್ಲಿ, ಒಂದು ಲ್ಯಾಟಿನ್ನಿನಲ್ಲಿ, ಒಂದು ಇಂಗ್ಲಿಷಿನಲ್ಲಿ. ಸದಕ್‌ನ ಸಮಾಧಿಯಲ್ಲಿ ಅವನ ಶಿಲ್ಪ ಆ ಮೂರು ಪುಸ್ತಕಗಳ ಮೇಲೆ ತಲೆಯಿಟ್ಟು ಮಲಗಿದೆ. ಚಿತ್ರ ತೋರಿಸಿ, 1362ರ ಕಾಯಿದೆಯ ವಿಷಯ ಹೇಳಿ: ಜನರಿಗೆ ಫ್ರೆಂಚು ಅರ್ಥವಾಗುವುದಿಲ್ಲ, ಆದ್ದರಿಂದ ನ್ಯಾಯಾಲಯದಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ, ದಾಖಲೆ ಲ್ಯಾಟಿನ್ನಿನಲ್ಲಿರಲಿ. ಇದನ್ನು ಹೇಳಿದ ಆ ಕಾಯಿದೆ ಬರೆದದ್ದು ಫ್ರೆಂಚಿನಲ್ಲಿ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಪೂಜೆಯಲ್ಲಿ ಇನ್ನೊಂದು ಭಾಷೆ ಕೇಳಿ ಬೆಳೆದ ನಮ್ಮವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಚಾಸರ್ ಇಂಗ್ಲಿಷನ್ನು ಆರಿಸಿಕೊಂಡ ಎಂದರೆ ಎದುರಿಗೆ ಬೇರೆ ಎರಡು ದಾರಿ ತೆರೆದಿದ್ದವು ಎಂಬುದಷ್ಟು ನೆನಪಿರಲಿ.

ಯಾರ್ಕಿನ ನಾಟಕಗಳಿಗೆ ವಿದ್ಯಾರ್ಥಿಗಳನ್ನು ಎಬ್ಬಿಸಿ ನಿಲ್ಲಿಸಿ. ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ಬೆಳಗಿನ ಜಾವದಿಂದ ಗಾಡಿಗಳ ಮೇಲೆ, ನಗರದ ಹನ್ನೆರಡು ನಿಲ್ದಾಣಗಳಲ್ಲಿ ಒಂದಾದ ಮೇಲೊಂದು ನಾಟಕ. ಯಾವ ಸಂಘಕ್ಕೆ ಯಾವುದು ಎಂಬ ನಗರದ ಪಟ್ಟಿ 1415ರದ್ದು. ನೋಹನ ಹಡಗು ಹಡಗು ಕಟ್ಟುವವರಿಗೆ, ಕೊನೆಯ ಊಟ ರೊಟ್ಟಿ ಸುಡುವವರಿಗೆ, ಶಿಲುಬೆಗೇರಿಸುವುದು ಮೊಳೆ ಮಾಡುವವರಿಗೆ. ಆ ಶಿಲುಬೆಯ ನಾಟಕದಲ್ಲಿ ನಾಲ್ವರು ಸೈನಿಕರು ಆಡುವುದೆಲ್ಲ ಕೆಲಸದ ಮಾತು. ತೂತು ಅಳತೆ ತಪ್ಪಿ ದೂರ ಕೊರೆದಿದೆ, ಕೈ ಅಲ್ಲಿಗೆ ಎಟಕುವುದಿಲ್ಲ. ಹಗ್ಗ ತಾ, ಎಳೆ, ಗೂಟ ಸಡಿಲವಿದೆ, ಬೆಣೆ ಹೊಡೆ. ನಾಲ್ವರನ್ನು ನಿಲ್ಲಿಸಿ, ಒಂದು ಬೆಂಚನ್ನು ಎತ್ತುವ ಕೆಲಸ ಕೊಟ್ಟು ಈ ಸಂಭಾಷಣೆ ಓದಿಸಿ. ಕಸುಬುದಾರರ ಗೊಣಗಾಟಕ್ಕೆ ನಗುತ್ತಿರುವಾಗಲೇ ಬೆಂಚಿನ ಮೇಲೆ ಯಾರಿದ್ದಾರೆ ಎಂಬುದು ನೆನಪಾಗಿ ತರಗತಿ ಸ್ತಬ್ಧವಾಗುತ್ತದೆ. ಮೊಳೆ ಮಾಡುವವರ ಸಂಘ ಆಡಿಸದೆ ಇದ್ದಿದ್ದರೆ ಈ ಮಾತುಗಳಿಗೆ ಆ ಹದ ಬರುತ್ತಿರಲಿಲ್ಲ.

ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಪರಿಚಿತ ಪದಗಳಿಂದ. ಮಲೆನಾಡಿನ ಕಡೆಯವರಿಗೆ ‘ಎಸ್ಟೇಟ್’ ಎಂದರೆ ಕಾಫಿ ತೋಟ. ಹಾಗಾಗಿ ಮಧ್ಯಯುಗದ ಸಮಾಜದ ‘ಮೂರು ಎಸ್ಟೇಟ್’ಗಳನ್ನು ‘ಮೂರು ಅಂತಸ್ತು’ ಎನ್ನುವುದೇ ಲೇಸು: ಪ್ರಾರ್ಥಿಸುವವರು, ಕಾದುವವರು, ದುಡಿಯುವವರು. ‘ಕ್ಲರ್ಕ್’ ಗುಮಾಸ್ತನಲ್ಲ, ಆಕ್ಸ್‌ಫರ್ಡಿನ ವಿದ್ಯಾರ್ಥಿ. ಇದಕ್ಕಿಂತ ದೊಡ್ಡ ತಪ್ಪು ಆ ಮೂರು ಅಂತಸ್ತನ್ನು ನಮ್ಮ ವರ್ಣಗಳ ಮೇಲೆ ಹಾಗೇ ಕೂರಿಸುವುದು. ಪ್ರಾರ್ಥಿಸುವವರು ಮದುವೆಯಾಗುವಂತಿರಲಿಲ್ಲ; ಆದ್ದರಿಂದ ಆ ಅಂತಸ್ತು ಹುಟ್ಟಿನಿಂದ ಬರಲಾರದು, ಪ್ರತಿ ತಲೆಮಾರಿನಲ್ಲೂ ಉಳಿದ ಎರಡರಿಂದ ತುಂಬಬೇಕು. ಪಾದ್ರಿಯೂ ಉಳುವವನೂ ಒಡಹುಟ್ಟಿದವರು ಎಂಬುದು ಅದಕ್ಕೇ ಸಹಜ. ಏರುವ ದಾರಿಯೂ ಇತ್ತು: ಚಾಸರನ ತಂದೆ ವೈನ್ ವರ್ತಕ, ಮಗ ಥಾಮಸ್ ಕಾಮನ್ಸ್ ಸಭೆಯ ಸ್ಪೀಕರ್, ಮೊಮ್ಮಗಳು ಆಲಿಸ್ ಸಫಕ್‌ನ ಡಚೆಸ್. ಯಾತ್ರೆ ಎಂಬ ಚೌಕಟ್ಟೂ ಇದಕ್ಕೆ ಒಪ್ಪುತ್ತದೆ: ಇಂಥ ಕಲಸಿದ ಜನ ಒಂದೇ ಛತ್ರದಲ್ಲಿ ಉಣ್ಣುವುದು ಯಾತ್ರೆಯಲ್ಲಿ ಸಹಜ. ಇನ್ನೊಂದು ತಪ್ಪು, ಪ್ರೊಲಾಗನ್ನು ಫೋಟೋ ಎಂದು ತಿಳಿಯುವುದು. ಮೂರು ಅಂತಸ್ತಿನ ಆದರ್ಶಗಳಾಗಿ ನೈಟ್, ಪಾದ್ರಿ, ಉಳುವವ ಇದ್ದಾರೆ, ಕಲಿಕೆಯ ಆದರ್ಶವಾಗಿ ಕ್ಲರ್ಕ್ ಇದ್ದಾನೆ. ಉಳಿದವರನ್ನು ಅವರ ಪಕ್ಕದಲ್ಲಿಟ್ಟು ಅಳೆಯುವುದಕ್ಕೆ. ಇದು ಅಳತೆಗೋಲು ಹಿಡಿದು ಬರೆದ ಚಿತ್ರ.

ಕೊನೆಯ ಎರಡು ಗಂಟೆಯಲ್ಲಿ ಒಂದೇ ಹಾಳೆ ಕೊಡುತ್ತೇನೆ. ಅದರ ಮೇಲೆ ಉಳುವವನ 13 ಸಾಲು, ಲ್ಯಾಂಗ್‌ಲ್ಯಾಂಡನ ಕೂಲಿಯವರ ಭಾಗ, 1351ರ ದರಪಟ್ಟಿ. ಟಿಪ್ಪಣಿ ಏನೂ ಇಲ್ಲ. ನಲವತ್ತು ನಿಮಿಷದಲ್ಲಿ ಒಂದೂವರೆ ಪುಟ ಬರೆಯಬೇಕು. ಎರಡು ನಿಯಮ: ಮೊದಲ ವಾಕ್ಯದಲ್ಲಿ ‘ಸಮಾಜ’ ಎಂಬ ಪದ ಬರಕೂಡದು, ಪ್ರತಿ ಪ್ಯಾರಾದಲ್ಲೂ ಪಠ್ಯದ ಕನಿಷ್ಠ ಒಂದು ಪದ ಇರಬೇಕು. ತಿದ್ದುವಾಗ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ಒಂದನ್ನೇ: ಕಾಯಿದೆಯ ಅಂಕಿ ಬಂದ ಮೇಲೆ ಅದರಿಂದ ಕಾವ್ಯದ ಯಾವ ಪದದ ಅರ್ಥ ಬದಲಾಯಿತು ಎಂದು ಬರೆದಿದ್ದಾರೆಯೇ, ಇಲ್ಲವೇ. ಬರೆಯದೆ ಇದ್ದವರಿಗೆ ಹಾಳೆ ಹಿಂದಿರುಗಿಸಿ, ‘ಹೀರೆ’ ಪದದ ಕೆಳಗೆ ಗೆರೆ ಎಳೆದು, ಎರಡನೇ ಗಂಟೆಯಲ್ಲಿ ಅಲ್ಲಿಂದಲೇ ಶುರು ಮಾಡಿಸುತ್ತೇನೆ.